ಸೂಜಿಯ ಕಣ್ಣು ತುದಿಗೆ ಬಂದದ್ದು ಹೇಗೆ? – ಎಲಿಯಾಸ್ ಹೋವ್ ಜೀವನ ಕಥೆ

ಮಕ್ಕಳೇ, ನಿಮ್ಮ ಮನೆಯಲ್ಲಿ ಕೌದಿ ಇದೆಯೇ? ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಜೋಡಿಸಿ, ಪದರ ಪದರವಾಗಿ ಹಾಸಿ, ಅಜ್ಜಿ ಕೈಯಲ್ಲಿ ಹೊಲಿದ ಹೊದಿಕೆ ಅದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೌದಿ ಇಲ್ಲದ ಮನೆ ಅಪರೂಪ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳಂತೂ ಹೊರದೇಶಗಳಲ್ಲೂ ಹೆಸರು ಮಾಡಿವೆ.

ಅಮೆರಿಕದ ಹಳ್ಳಿಗಳಲ್ಲೂ ಇಂಥ ಹೊದಿಕೆ ಹೊಲಿಯುವ ಪದ್ಧತಿ ಬಹಳ ಹಿಂದಿನಿಂದ ಇದೆ. ಅದಕ್ಕೆ ಕ್ವಿಲ್ಟ್ ಎನ್ನುತ್ತಾರೆ. ಅಲ್ಲಿನವರ ವಿಧಾನ ಸ್ವಲ್ಪ ಬೇರೆ. ಮೊದಲು ಒಂದೇ ಅಳತೆಯ ಚಿಕ್ಕ ಚೌಕಗಳನ್ನು ಕತ್ತರಿಸಿಕೊಳ್ಳುತ್ತಾರೆ. ಮೂರು ಚೌಕಗಳ ಮೂರು ಸಾಲು ಜೋಡಿಸಿದರೆ ಒಂದು ಬ್ಲಾಕ್ ಆಗುತ್ತದೆ. ಇಂಥ ಹತ್ತಾರು ಬ್ಲಾಕ್‌ಗಳನ್ನು ಸೇರಿಸಿದರೆ ಹೊದಿಕೆಯ ಮೇಲ್ಭಾಗ ಸಿದ್ಧ.

ಇದರಲ್ಲಿ ಎಷ್ಟು ಹೊಲಿಗೆ ಬೇಕು? ಒಂದು ಲೆಕ್ಕ ಮಾಡೋಣ. ಚೌಕದ ಬದಿ ಮೂರೂವರೆ ಇಂಚು ಇರಲಿ. ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಯೋಣ. ಆಗ ಹೊಲಿದ ಮೇಲೆ ಪ್ರತಿ ಚೌಕ 3 ಇಂಚು ಕಾಣುತ್ತದೆ. ಒಂದು ಬ್ಲಾಕ್‌ನಲ್ಲಿ ಮೂರೂವರೆ ಇಂಚಿನ 6 ಹೊಲಿಗೆ ಸಾಲು, ಒಂಬತ್ತೂವರೆ ಇಂಚಿನ 2 ಹೊಲಿಗೆ ಸಾಲು ಬರುತ್ತವೆ. ಕೂಡಿಸಿ ನೋಡಿ, ಒಟ್ಟು 40 ಇಂಚು. ಇಂಚಿಗೆ 10 ಹೊಲಿಗೆಯಂತೆ 400 ಹೊಲಿಗೆ. ಆರು ಅಡಿ ಅಗಲ, ಏಳೂವರೆ ಅಡಿ ಉದ್ದದ ಹೊದಿಕೆಗೆ 80 ಬ್ಲಾಕ್ ಬೇಕು. ಅಂದರೆ 32,000 ಹೊಲಿಗೆ! ಬ್ಲಾಕ್‌ಗಳನ್ನು ಒಂದಕ್ಕೊಂದು ಸೇರಿಸುವ ಹೊಲಿಗೆ ಈ ಲೆಕ್ಕದಲ್ಲಿ ಇಲ್ಲ. ಕೈ ಚುರುಕಾದವರು ನಿಮಿಷಕ್ಕೆ 40 ಹೊಲಿಗೆ ಹಾಕುತ್ತಾರೆ ಎಂದುಕೊಂಡರೂ ತಲೆ ಎತ್ತದೆ 13 ಗಂಟೆ 20 ನಿಮಿಷ ಹೊಲಿಯಬೇಕು.

ಇದೆಲ್ಲ ಹೊದಿಕೆಯ ಮಾತಾಯಿತು. ಹೊಟ್ಟೆಪಾಡಿಗಾಗಿ ಹಗಲಿರುಳು ಬಟ್ಟೆ ಹೊಲಿಯುತ್ತಿದ್ದವರ ಪಾಡು ಏನಿದ್ದೀತು, ಯೋಚಿಸಿ. ಅಂಥ ಒಬ್ಬ ಹೆಣ್ಣುಮಗಳ ಗಂಡನೇ ಎಲಿಯಾಸ್ ಹೋವ್.

ಹೋವ್ ಹುಟ್ಟಿದ್ದು 1819ರ ಜುಲೈ 9ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್ ಎಂಬ ಊರಿನಲ್ಲಿ. ತಂದೆ ರೈತ. ಹೊಲದ ಜೊತೆಗೆ ಗಿರಣಿಯೂ ಇತ್ತು. ಹೋವ್ ಹುಟ್ಟಿನಿಂದಲೇ ಕಾಲು ಕುಂಟ. ದೇಹ ಗಟ್ಟಿಯಾಗಿರಲಿಲ್ಲ. ಹೊಲದ ಕೆಲಸಕ್ಕಿಂತ ಗಿರಣಿಯ ಚಕ್ರಗಳ ಕಡೆಗೇ ಅವನ ಗಮನ ಹೆಚ್ಚು. 1835ರಲ್ಲಿ ಲೊವೆಲ್ ಎಂಬ ಪಟ್ಟಣಕ್ಕೆ ಹೋಗಿ, ಬಟ್ಟೆ ಗಿರಣಿಯ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದ. ಆಗ ಅವನಿಗೆ 16 ವರ್ಷ. ನೂಲುವ ಯಂತ್ರ, ನೇಯುವ ಯಂತ್ರ, ಮಗ್ಗದಲ್ಲಿ ಆ ಕಡೆಯಿಂದ ಈ ಕಡೆಗೆ ಓಡುವ ಲಾಳಿ ಇವನ್ನೆಲ್ಲ ಹತ್ತಿರದಿಂದ ನೋಡಿದ. ಲಾಳಿಯನ್ನು ನೆನಪಿಡಿ, ಮುಂದೆ ಅದರ ಕೆಲಸವಿದೆ. 1837ರಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಆಯಿತು. ಗಿರಣಿಗಳು ಬಾಗಿಲು ಹಾಕಿದವು. ಕೆಲಸ ಕಳೆದುಕೊಂಡ ಹೋವ್ ಬಾಸ್ಟನ್ ಕಡೆಗೆ ಹೋಗಿ, ಆರಿ ಡೇವಿಸ್ ಎಂಬ ನಿಪುಣ ಮೆಕ್ಯಾನಿಕ್‌ನ ಅಂಗಡಿ ಸೇರಿದ. ಹಡಗುಗಳಿಗೆ ಬೇಕಾದ ಗಡಿಯಾರಗಳು, ಅಳತೆಯ ಉಪಕರಣಗಳು ಅಲ್ಲಿ ತಯಾರಾಗುತ್ತಿದ್ದವು, ರಿಪೇರಿಯಾಗುತ್ತಿದ್ದವು.

ಒಂದು ದಿನ ಆ ಅಂಗಡಿಗೆ ಯಾರೋ ಹೆಣಿಗೆ ಯಂತ್ರದ ವಿಚಾರ ಮಾತನಾಡಲು ಬಂದಿದ್ದರಂತೆ. ಹೆಣಿಗೆ ಯಂತ್ರಕ್ಕಿಂತ ಹೊಲಿಗೆ ಯಂತ್ರ ಮಾಡಿದವನು ಶ್ರೀಮಂತನಾಗುತ್ತಾನೆ ಎಂಬ ಮಾತು ಅಲ್ಲಿ ಬಂತು. ಮೂಲೆಯಲ್ಲಿ ಕೆಲಸ ಮಾಡುತ್ತಿದ್ದ ಹೋವ್ ಅದನ್ನು ಕೇಳಿಸಿಕೊಂಡ. ಮಾತು ಅವನ ತಲೆಯೊಳಗೆ ಕೂತುಬಿಟ್ಟಿತು.

1841ರಲ್ಲಿ ಹೋವ್‌ಗೆ ಎಲಿಜಬೆತ್ ಜೊತೆ ಮದುವೆಯಾಯಿತು. ಮೂವರು ಮಕ್ಕಳಾದರು. ವಾರಕ್ಕೆ 9 ಡಾಲರ್ ಸಂಬಳ ಮನೆಗೆ ಸಾಲದು. ದುಡಿದು ಬಂದ ಹೋವ್‌ಗೆ ಎಷ್ಟೋ ಸಂಜೆ ಹಾಸಿಗೆ ಬಿಟ್ಟು ಏಳಲೂ ಶಕ್ತಿ ಇರುತ್ತಿರಲಿಲ್ಲ. ಎಲಿಜಬೆತ್ ಮಕ್ಕಳನ್ನು ಮಲಗಿಸಿ, ದೀಪದ ಬೆಳಕಿನಲ್ಲಿ ಬೇರೆಯವರ ಬಟ್ಟೆ ಹೊಲಿದು ಕಾಸು ಸಂಪಾದಿಸುತ್ತಿದ್ದಳು. ಹೋವ್ ಮಲಗಿದಲ್ಲಿಂದಲೇ ಹೆಂಡತಿಯ ಕೈಗಳನ್ನು ನೋಡುತ್ತಿದ್ದ. ಸೂಜಿ ಒಳಗೆ ಹೋಗುತ್ತದೆ, ಕೈ ಅದನ್ನು ಹಿಂದಿನಿಂದ ಎಳೆಯುತ್ತದೆ, ತಿರುಗಿಸಿ ಮತ್ತೆ ಚುಚ್ಚುತ್ತದೆ. ಈ ಕೈಯ ಕೆಲಸವನ್ನೇ ಕಬ್ಬಿಣದಿಂದ ಮಾಡಿಸಬಹುದೇ?

ಮೊದಲು ಅವನು ಮಾಡಿದ್ದು ಅದನ್ನೇ. ಎರಡೂ ತುದಿ ಚೂಪಾಗಿದ್ದು, ನಡುವೆ ಕಣ್ಣಿರುವ ಸೂಜಿಯನ್ನು ಮಾಡಿ, ಬಟ್ಟೆಯ ಈ ಕಡೆಯಿಂದ ಆ ಕಡೆಗೆ ದಾಟಿಸಲು ನೋಡಿದ. ತಿಂಗಳುಗಟ್ಟಲೆ ಹೆಣಗಿದರೂ ಸರಿಯಾಗಲಿಲ್ಲ. ಕಾರಣ ಸರಳ. ನಮ್ಮ ಕೈ ಸೂಜಿಯನ್ನು ಬಿಟ್ಟು ಆ ಕಡೆಯಿಂದ ಮತ್ತೆ ಹಿಡಿಯಬಲ್ಲದು. ಹಾಗೆ ಬಿಟ್ಟು ಹಿಡಿಯುವ ಯಂತ್ರ ಮಾಡುವುದು ತುಂಬ ಕಷ್ಟ. ಜೊತೆಗೆ ಪ್ರತಿ ಸಲವೂ ಇಡೀ ದಾರ ಬಟ್ಟೆಯ ಮೂಲಕ ಹಾದುಹೋಗಬೇಕು.

1844ರಲ್ಲಿ ಹೋವ್ ಕೈಯ ಚಲನೆಯನ್ನು ಅನುಕರಿಸುವುದನ್ನೇ ಬಿಟ್ಟ. ನನ್ನ ಮಟ್ಟಿಗೆ ಅವನ ಜೀವನದ ದೊಡ್ಡ ಘಳಿಗೆ ಇದೇ. ಕೈ ಹೊಲಿಯುವ ಹಾಗೆಯೇ ಯಂತ್ರವೂ ಹೊಲಿಯಬೇಕು ಎಂದು ಯಾರು ಹೇಳಿದರು? ಒಂದರ ಬದಲು ಎರಡು ದಾರ ಇದ್ದರೆ? ಇಲ್ಲಿ ಲೊವೆಲ್‌ನಲ್ಲಿ ಕಂಡ ಮಗ್ಗದ ಲಾಳಿ ನೆರವಿಗೆ ಬಂತು.

ಸೂಜಿಯ ಕಣ್ಣನ್ನು ಹಿಂಬದಿಯಿಂದ ತೆಗೆದು ಚೂಪಾದ ತುದಿಯ ಹತ್ತಿರ ಇಟ್ಟರೆ ಏನಾಗುತ್ತದೆ ನೋಡಿ. ಸೂಜಿ ಪೂರ್ತಿ ದಾಟಬೇಕಾಗಿಲ್ಲ. ತುದಿ ಮಾತ್ರ ಬಟ್ಟೆ ತೂರಿದರೆ ದಾರ ಆ ಕಡೆಗೆ ತಲುಪುತ್ತದೆ. ಸೂಜಿ ಸ್ವಲ್ಪ ಹಿಂದೆ ಸರಿಯುವಾಗ ಬಟ್ಟೆ ದಾರವನ್ನು ಹಿಡಿದುಕೊಳ್ಳುವುದರಿಂದ ದಾರ ಸಡಿಲವಾಗಿ ಒಂದು ಚಿಕ್ಕ ಕುಣಿಕೆ ಉಂಟಾಗುತ್ತದೆ. ಆ ಕ್ಷಣದಲ್ಲಿಯೇ ಎರಡನೆಯ ದಾರ ಹೊತ್ತ ಲಾಳಿ ಕುಣಿಕೆಯೊಳಗೆ ತೂರಿ ಹೋಗುತ್ತದೆ. ಸೂಜಿ ಹಿಂದಕ್ಕೆ ಬಂದಾಗ ಕುಣಿಕೆ ಬಿಗಿಯುತ್ತದೆ. ಎರಡೂ ದಾರಗಳು ಬಟ್ಟೆಯ ನಡುವೆ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಇಂದಿಗೂ ದರ್ಜಿ ಅಂಗಡಿಯ ಯಂತ್ರದಲ್ಲಿ ನಡೆಯುವುದು ಇದೇ. ಲಾಳಿಯ ಜಾಗದಲ್ಲಿ ಈಗ ಬಾಬಿನ್ ಇರುತ್ತದೆ.

ಸೂಜಿಯ ತುದಿಗೆ ಕಣ್ಣಿಡುವ ಯೋಚನೆ ಹೋವ್‌ಗೆ ಕನಸಿನಲ್ಲಿ ಬಂತು, ಕನಸಿನಲ್ಲಿ ಕಂಡ ಭರ್ಜಿಗಳ ತುದಿಯಲ್ಲಿ ತೂತುಗಳಿದ್ದವು ಎಂಬ ಕಥೆಯನ್ನು ನೀವು ಓದಿರಬಹುದು. ಕಥೆ ಚೆನ್ನಾಗಿದೆ. ಆದರೆ ಅದಕ್ಕೆ ಗಟ್ಟಿ ಆಧಾರವಿಲ್ಲ. ವರ್ಷಗಟ್ಟಲೆ ಕೆಟ್ಟುಹೋದ ಮಾದರಿಗಳು ಮಾತ್ರ ನಿಜ.

ಯೋಚನೆ ಬಂತು, ಹಣ ಎಲ್ಲಿಂದ ಬರಬೇಕು? ಕಲ್ಲಿದ್ದಲು, ಸೌದೆ ಮಾರುತ್ತಿದ್ದ ಜಾರ್ಜ್ ಫಿಷರ್ ಎಂಬ ಗೆಳೆಯ ಹೋವ್‌ನ ಸಂಸಾರವನ್ನು ತನ್ನ ಮನೆಗೆ ಕರೆತಂದ. ಖರ್ಚಿಗೆ 500 ಡಾಲರ್ ಕೊಟ್ಟ. ಮುಂದೆ ಲಾಭ ಬಂದರೆ ಅದರಲ್ಲಿ ಅರ್ಧ ಅವನಿಗೆ ಎಂದು ಒಪ್ಪಂದವಾಯಿತು. 1845ರಲ್ಲಿ ಯಂತ್ರ ಸಿದ್ಧವಾಯಿತು. ಅದರಲ್ಲಿ ಮೊದಲು ಹೊಲಿದದ್ದು ಉಣ್ಣೆಯ ಎರಡು ಸೂಟು, ಒಂದು ಫಿಷರ್‌ಗೆ, ಇನ್ನೊಂದು ಹೋವ್‌ಗೆ. ಬಾಸ್ಟನ್ನಿನಲ್ಲಿ ನಡೆದ ಪಂದ್ಯದಲ್ಲಿ ಹೊಲಿಗೆಯಲ್ಲಿ ಪಳಗಿದ ಐವರು ಮಹಿಳೆಯರ ಎದುರು ಈ ಒಂದು ಯಂತ್ರ ಗೆದ್ದಿತು. ಅದರ ವೇಗ ನಿಮಿಷಕ್ಕೆ ಸುಮಾರು 250 ಹೊಲಿಗೆ. ನಮ್ಮ ಹೊದಿಕೆಯ 32,000 ಹೊಲಿಗೆಗೆ ಈ ವೇಗದಲ್ಲಿ ಎಷ್ಟು ಸಮಯ ಬೇಕು? ಭಾಗಿಸಿ ನೋಡಿ, 2 ಗಂಟೆ 8 ನಿಮಿಷ.

1846ರ ಸೆಪ್ಟೆಂಬರ್ 10ರಂದು ಹೋವ್‌ಗೆ ಪೇಟೆಂಟ್ ಸಿಕ್ಕಿತು. ಹೊಸದನ್ನು ಕಂಡುಹಿಡಿದವರಿಗೆ, ಅದನ್ನು ತಯಾರಿಸುವ ಮತ್ತು ಮಾರುವ ಹಕ್ಕು ಕೆಲವು ವರ್ಷ ಅವರದೇ ಎಂದು ಸರ್ಕಾರ ಕೊಡುವ ಪತ್ರ ಇದು.

ಇನ್ನೇನು, ಯಂತ್ರ ಬಿಸಿ ದೋಸೆಯಂತೆ ಖರ್ಚಾಗಿರಬೇಕು ಎಂದುಕೊಂಡಿರಾ? ಒಂದೂ ಮಾರಾಟವಾಗಲಿಲ್ಲ. ಬೆಲೆ 300 ಡಾಲರ್. ಅಂದರೆ ಹೋವ್‌ನ ಹಳೆಯ ಸಂಬಳದಲ್ಲಿ 33 ವಾರಕ್ಕೂ ಹೆಚ್ಚಿನ ದುಡಿಮೆ. ಎರಡನೆಯದು, ದರ್ಜಿಗಳ ಭಯ. ಯಂತ್ರ ಬಂದರೆ ತಮ್ಮ ಗತಿಯೇನು ಎಂದು ಅವರು ಹೆದರಿದರು. ಈ ಭಯ ಹೊಸದಲ್ಲ. ಫ್ರಾನ್ಸ್ ದೇಶದ ಬಾರ್ತೆಲೆಮಿ ತಿಮೋನಿಯೆ ಎಂಬ ದರ್ಜಿ 1830ರಲ್ಲೇ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದು, ಪ್ಯಾರಿಸ್ಸಿನಲ್ಲಿ ಸುಮಾರು 80 ಯಂತ್ರಗಳಿಂದ ಸೈನಿಕರ ಬಟ್ಟೆ ಹೊಲಿಸುತ್ತಿದ್ದ. 1831ರಲ್ಲಿ ರೊಚ್ಚಿಗೆದ್ದ ದರ್ಜಿಗಳು ನುಗ್ಗಿ ಯಂತ್ರಗಳನ್ನು ಪುಡಿ ಮಾಡಿದರು. ತಿಮೋನಿಯೆ ಬಡತನದಲ್ಲೇ ಸತ್ತ. ದರ್ಜಿಗಳನ್ನು ಬರೀ ಮೂರ್ಖರು ಎಂದು ಬೈಯುವುದು ಸುಲಭ. ಆದರೆ ಆ ದಿನಗಳಲ್ಲಿ ಕೈಯ ಕೆಲಸ ಹೋದರೆ ಮನೆಯ ಒಲೆ ಆರಿದಂತೆಯೇ.

ಮೂರನೆಯ ಕಾರಣ ಯಂತ್ರದಲ್ಲೇ ಇತ್ತು. ಹೋವ್ ಯಂತ್ರದ ಸೂಜಿ ಬಾಗಿದ್ದು, ಅಡ್ಡಲಾಗಿ ಚಲಿಸುತ್ತಿತ್ತು. ಬಟ್ಟೆಯನ್ನು ಒಂದು ಲೋಹದ ಪಟ್ಟಿಯ ಮುಳ್ಳುಗಳಿಗೆ ಸಿಕ್ಕಿಸಿ ನೇತು ಹಾಕಬೇಕಿತ್ತು. ಪಟ್ಟಿಯ ಉದ್ದ ಮುಗಿಯಿತೋ, ಯಂತ್ರ ನಿಲ್ಲಿಸಿ, ಬಟ್ಟೆ ಬಿಡಿಸಿ, ಮತ್ತೆ ಸಿಕ್ಕಿಸಬೇಕು. ನೇರ ಹೊಲಿಗೆ ಮಾತ್ರ ಸಾಧ್ಯ. ಅಂಗಿಯ ತೋಳು, ಕಾಲರಿನ ತಿರುವು ಹೊಲಿಯಲು ಆಗದು. ನಮ್ಮ 2 ಗಂಟೆ 8 ನಿಮಿಷದ ಲೆಕ್ಕವೂ ಕಾಗದದ ಮೇಲಿನ ಲೆಕ್ಕವೇ!

ಅಮೆರಿಕದಲ್ಲಿ ಕೊಳ್ಳುವವರಿಲ್ಲ ಎಂದಾಗ ಅಣ್ಣ ತಮ್ಮಂದಿರು ಇಂಗ್ಲೆಂಡಿನತ್ತ ನೋಡಿದರು. ಅಮಾಸಾ ಎಂಬ ಸೋದರ ಯಂತ್ರವನ್ನು ಲಂಡನ್ನಿಗೆ ಒಯ್ದು, ವಿಲಿಯಂ ಥಾಮಸ್ ಎಂಬ ಕಾರ್ಖಾನೆಯ ಮಾಲೀಕನಿಗೆ 250 ಪೌಂಡಿಗೆ ಮಾರಿದ. ಥಾಮಸ್‌ನ ಕರೆಯಂತೆ ಹೋವ್ ಕೂಡ 1847ರಲ್ಲಿ ಅಲ್ಲಿಗೆ ಹೋದ. ವಾರಕ್ಕೆ 3 ಪೌಂಡ್ ಸಂಬಳ. ಕೆಲವೇ ತಿಂಗಳಲ್ಲಿ ಇಬ್ಬರಿಗೂ ಜಗಳವಾಗಿ ಕೆಲಸ ಹೋಯಿತು. ಪರದೇಶ, ಕೈಯಲ್ಲಿ ಕಾಸಿಲ್ಲ, ಹೆಂಡತಿಗೆ ಆರೋಗ್ಯವಿಲ್ಲ. ಹೆಂಡತಿ ಮಕ್ಕಳನ್ನು ಹೇಗೋ ಮೊದಲು ಊರಿಗೆ ಕಳಿಸಿದ. ಆಮೇಲೆ ತನ್ನ ಮೊದಲ ಯಂತ್ರವನ್ನೂ ಪೇಟೆಂಟ್ ಪತ್ರವನ್ನೂ ಗಿರವಿ ಇಟ್ಟು, ಹಡಗಿನಲ್ಲಿ ಅಡುಗೆ ಕೆಲಸ ಮಾಡುತ್ತ 1849ರಲ್ಲಿ ನ್ಯೂಯಾರ್ಕಿಗೆ ಬಂದಿಳಿದ.

ಅಲ್ಲಿ ಕೇಳಿದ ಸುದ್ದಿ, ಎಲಿಜಬೆತ್ ಕ್ಷಯರೋಗದಿಂದ ಸಾವಿನ ಅಂಚಿನಲ್ಲಿದ್ದಾಳೆ ಎಂದು. ಹೋಗಲು ಗಾಡಿ ಖರ್ಚಿಗೆ ಹಣವಿಲ್ಲ. ತಂದೆ ಕಳಿಸಿದ 10 ಡಾಲರ್ ಕೈ ಸೇರಿದ ಮೇಲೆ ಹೊರಟ. ಹೆಂಡತಿಯ ಕೊನೆಯ ಘಳಿಗೆಗೆ ತಲುಪಿದ. ಎರಡು ಸೂಟುಗಳನ್ನು ಯಂತ್ರದಲ್ಲಿ ಹೊಲಿದು ತೋರಿಸಿದ ಮನುಷ್ಯ ಹೆಂಡತಿಯ ಅಂತ್ಯಕ್ರಿಯೆಗೆ ಎರವಲು ಬಟ್ಟೆ ಹಾಕಿಕೊಂಡು ನಿಂತ. ಮನೆಯ ಸಾಮಾನು ಹೊತ್ತು ಬರುತ್ತಿದ್ದ ಹಡಗೂ ಒಡೆದು ಮುಳುಗಿತು.

ಅಷ್ಟರಲ್ಲಿ ಅಮೆರಿಕದಲ್ಲಿ ಒಂದು ಬದಲಾವಣೆ ಆಗಿತ್ತು. ಬೇರೆ ಬೇರೆಯವರು ಹೊಲಿಗೆ ಯಂತ್ರ ತಯಾರಿಸಿ ಮಾರುತ್ತಿದ್ದರು. ಅವುಗಳಲ್ಲಿ ತುದಿಗೆ ಕಣ್ಣಿರುವ ಸೂಜಿ, ಲಾಳಿ, ಎರಡು ದಾರದ ಬೀಗದಂಥ ಹೊಲಿಗೆ ಎಲ್ಲವೂ ಇದ್ದವು. ಹೋವ್ ಲಂಡನ್ನಿನಿಂದ ಗಿರವಿ ಬಿಡಿಸಿ ತರಿಸಿಕೊಂಡು ಕೋರ್ಟಿಗೆ ಹೋದ.

ಅವನ ಎದುರು ನಿಂತವರಲ್ಲಿ ಮುಖ್ಯನಾದವನು ಐಸಾಕ್ ಮೆರಿಟ್ ಸಿಂಗರ್. ನಮ್ಮ ದರ್ಜಿ ಅಂಗಡಿಗಳಲ್ಲಿ ಸಿಂಗರ್, ಮೆರಿಟ್ ಎಂಬ ಹೆಸರಿನ ಯಂತ್ರಗಳನ್ನು ನೋಡಿದ್ದೀರಲ್ಲ, ಎರಡೂ ಅವನದೇ ಹೆಸರು. 1851ರಲ್ಲಿ ಪೇಟೆಂಟ್ ಪಡೆದ ಸಿಂಗರ್ ಯಂತ್ರದಲ್ಲಿ ಸೂಜಿ ನೇರವಾಗಿ ಮೇಲೆ ಕೆಳಗೆ ಚಲಿಸುತ್ತಿತ್ತು. ಬಟ್ಟೆ ಮಲಗಿದಂತೆ ಮೇಜಿನ ಮೇಲೆ ಇರುತ್ತಿತ್ತು. ಅದನ್ನು ಮೇಲಿನಿಂದ ಒತ್ತಿ ಹಿಡಿಯಲು ಒಂದು ಲೋಹದ ಪಾದ ಇತ್ತು. ಸಿಂಗರ್ ಯಂತ್ರವನ್ನು ಕಾಲಿನ ಪೆಡಲ್‌ನಿಂದ ಓಡಿಸಬಹುದಾದ್ದರಿಂದ ಎರಡೂ ಕೈ ಬಟ್ಟೆ ನಡೆಸಲು ಬಿಡುವಾದವು. ಅಲೆನ್ ವಿಲ್ಸನ್ ಎಂಬ ಇನ್ನೊಬ್ಬ 1854ರಲ್ಲಿ ಬಟ್ಟೆಯನ್ನು ತಾನಾಗಿ ಮುಂದೆ ತಳ್ಳುವ ಹಲ್ಲುಗಳಿಗೆ ಪೇಟೆಂಟ್ ಪಡೆದ. ಪಾದದ ಕೆಳಗೆ ಇರುವ ಈ ಹಲ್ಲುಗಳು ಮೇಲೆ ಏಳುತ್ತವೆ, ಮುಂದೆ ಹೋಗುತ್ತವೆ, ಕೆಳಗೆ ಇಳಿಯುತ್ತವೆ, ಹಿಂದೆ ಬರುತ್ತವೆ. ನಾಲ್ಕು ಚಲನೆ ಅಷ್ಟೇ. ಮೇಜಿನ ಮೇಲೆ ಕರವಸ್ತ್ರ ಹಾಸಿ ನಿಮ್ಮ ಬೆರಳಿನಿಂದ ಇದನ್ನೇ ಮಾಡಿ ನೋಡಿ. ಪ್ರತಿ ಸಲ ಅದೇ ದೂರ ತಳ್ಳಿದರೆ ಹೊಲಿಗೆಗಳ ಉದ್ದವೂ ಒಂದೇ ಸಮ ಬರುತ್ತದೆ.

ತುಂಡು ಜೋಡಿಸುವವರಿಗೆ ಇವು ಎಷ್ಟು ದೊಡ್ಡ ಅನುಕೂಲ ಎಂದು ತಿಳಿಯಲು ಮತ್ತೆ ನಮ್ಮ ಹೊದಿಕೆಗೆ ಬರೋಣ. ಅಡ್ಡ ಸಾಲಿನಲ್ಲಿ 8 ಬ್ಲಾಕ್, ಅಂದರೆ 24 ಚೌಕ, 23 ಹೊಲಿಗೆ. ಕಾಲು ಇಂಚಿನ ಬದಲು ಪ್ರತಿ ಹೊಲಿಗೆಯೂ ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಒಳಗೆ ಬಿತ್ತು ಎನ್ನಿ. ಕಣ್ಣಿಗೆ ಕಾಣದಷ್ಟು ಚಿಕ್ಕ ತಪ್ಪು. ಆದರೆ ಹೊಲಿಗೆಯ ಎರಡೂ ಕಡೆಯ ಬಟ್ಟೆ ಒಳಗೆ ಸೇರುವುದರಿಂದ ಒಂದು ಹೊಲಿಗೆಗೆ ಎಂಟನೇ ಒಂದು ಇಂಚು ಕಡಿಮೆಯಾಗುತ್ತದೆ. 23 ಹೊಲಿಗೆಗೆ ಸುಮಾರು 3 ಇಂಚು, ಅಂದರೆ ಹೆಚ್ಚುಕಡಿಮೆ ಒಂದು ಚೌಕವೇ ಮಾಯ! ಪಕ್ಕದ ಸಾಲಿನ ಮೂಲೆಗೆ ಈ ಸಾಲಿನ ಮೂಲೆ ಸೇರುವುದೇ ಇಲ್ಲ. ಒಮ್ಮೆ ನಾನೂ ಹೀಗೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದದ್ದುಂಟು.

ಪಾದದ ಅಂಚಿಗೆ ಬಟ್ಟೆಯ ಅಂಚು ಸರಿಯಾಗಿ ತಾಗುವಂತೆ ನಡೆಸಿದರೆ ಈ ತಪ್ಪು ಬಹಳ ಕಡಿಮೆಯಾಗುತ್ತದೆ. ಈಗ ಸೂಜಿಯಿಂದ ಅಂಚಿಗೆ ಸರಿಯಾಗಿ ಕಾಲು ಇಂಚು ಬರುವ ಪಾದಗಳೇ ಸಿಗುತ್ತವೆ. ಇನ್ನೊಂದು ಜಾಣತನವಿದೆ. ಒಂದು ಜೋಡಿ ಚೌಕ ಹೊಲಿದ ಕೂಡಲೇ ದಾರ ಕತ್ತರಿಸದೆ, ಮುಂದಿನ ಜೋಡಿಯನ್ನು ಪಾದದ ಕೆಳಗೆ ತಳ್ಳುತ್ತಾ ಹೋಗುವುದು. ಜೋಡಿಗಳು ಬಾಗಿಲ ತೋರಣದಂತೆ ಒಂದೇ ದಾರಕ್ಕೆ ಪೋಣಿಸಿಕೊಂಡು ಹೊರಬರುತ್ತವೆ. ಆಮೇಲೆ ಒಟ್ಟಿಗೆ ಕತ್ತರಿಸಿದರಾಯಿತು. ಕೈ ಹೊಲಿಗೆಯಲ್ಲಿ ಇದು ಸಾಧ್ಯವಿಲ್ಲ. ಮುಳ್ಳಿಗೆ ಸಿಕ್ಕಿಸುವ ಹೋವ್ ಯಂತ್ರದಲ್ಲೂ ಸಾಧ್ಯವಿರಲಿಲ್ಲ. ಹಲ್ಲುಗಳು ಬಟ್ಟೆಯನ್ನು ತಳ್ಳುವುದರಿಂದಲೇ ಇದು ಸಾಧ್ಯವಾಯಿತು. ನಿಂತಾಗಲೆಲ್ಲ ಸೂಜಿ ಬಟ್ಟೆಯೊಳಗೇ ಇಳಿದು ನಿಲ್ಲುವ, ಗುಂಡಿ ಒತ್ತಿದರೆ ದಾರವನ್ನು ತಾನೇ ಕತ್ತರಿಸುವ ವಿದ್ಯುತ್ ಯಂತ್ರಗಳು ಈಗ ಬಂದಿವೆ.

ಇನ್ನು ಕೋರ್ಟಿನ ವಿಷಯ. ಸಿಂಗರ್ ಪರವಾಗಿ ಒಂದು ಬಲವಾದ ವಾದವಿತ್ತು. ವಾಲ್ಟರ್ ಹಂಟ್ ಎಂಬಾತ ಹೋವ್‌ಗಿಂತ ಹತ್ತು ವರ್ಷ ಮೊದಲೇ, 1834ರ ಸುಮಾರಿಗೆ, ತುದಿಗೆ ಕಣ್ಣಿರುವ ಸೂಜಿ ಮತ್ತು ಲಾಳಿಯ ಯಂತ್ರ ಮಾಡಿದ್ದ. ಕೈ ಹೊಲಿಗೆಯವರ ಅನ್ನ ಹೋಗುತ್ತದೆ ಎಂದು ಮಗಳು ಹೇಳಿದ್ದರಿಂದ ಅವನು ಸುಮ್ಮನಾದ ಎನ್ನುತ್ತಾರೆ. ಪೇಟೆಂಟ್ ಪಡೆದಿರಲಿಲ್ಲ. ನೀವು ಅಂಗಿಗೆ ಚುಚ್ಚಿಕೊಳ್ಳುವ ಸೇಫ್ಟಿ ಪಿನ್ ಇದೆಯಲ್ಲ, 1849ರಲ್ಲಿ ಅದನ್ನು ಮಾಡಿದವನೂ ಇದೇ ಹಂಟ್. 15 ಡಾಲರ್ ಸಾಲ ತೀರಿಸಲು ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ!

ಹಂಟ್ ತನ್ನ ಯಂತ್ರವನ್ನು ಕೈಬಿಟ್ಟಿದ್ದರಿಂದ ಕಾನೂನಿನ ಪ್ರಕಾರ ಹಕ್ಕು ಹೋವ್‌ನದೇ ಎಂದಾಯಿತು. 1854ರಲ್ಲಿ ಹೋವ್ ಗೆದ್ದ. ಸಿಂಗರ್ 15,000 ಡಾಲರ್ ಕೊಡಬೇಕಾಯಿತು. ರಸಪ್ರಶ್ನೆ ಪುಸ್ತಕಗಳಲ್ಲಿ ಹೊಲಿಗೆ ಯಂತ್ರ ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಹೋವ್ ಎಂಬ ಒಂದೇ ಹೆಸರು ಇರುತ್ತದೆ. ಕೋರ್ಟಿಗೆ ಒಂದು ಹೆಸರು ಬೇಕು, ಪರೀಕ್ಷೆಗೂ ಬೇಕು. ಆದರೆ ದರ್ಜಿಯ ಮೇಜಿನ ಮೇಲಿನ ಯಂತ್ರದಲ್ಲಿ ಹಂಟ್, ಹೋವ್, ವಿಲ್ಸನ್, ಸಿಂಗರ್ ಎಲ್ಲರೂ ಇದ್ದಾರೆ.

ಇದು ಆಗಿನ ತಯಾರಕರಿಗೂ ಗೊತ್ತಾಯಿತು. ಒಬ್ಬನ ಬಳಿ ಸೂಜಿಯ ಹಕ್ಕು, ಇನ್ನೊಬ್ಬನ ಬಳಿ ಹಲ್ಲಿನ ಹಕ್ಕು, ಮತ್ತೊಬ್ಬನ ಬಳಿ ಪಾದದ ಹಕ್ಕು. ಎಲ್ಲರೂ ಎಲ್ಲರ ಮೇಲೂ ದಾವೆ ಹಾಕಿದರೆ ಯಾರೂ ಒಳ್ಳೆಯ ಯಂತ್ರ ಮಾಡುವಂತಿಲ್ಲ. 1856ರಲ್ಲಿ ಹೋವ್ ಮತ್ತು ಮೂರು ಕಂಪನಿಗಳು ಸೇರಿ ಪೇಟೆಂಟ್‌ಗಳನ್ನು ಒಂದೇ ಗಂಟಿಗೆ ಹಾಕಿಕೊಂಡರು. ಬೇರೆಯವರು ಯಂತ್ರಕ್ಕೆ ಇಷ್ಟು ಎಂದು ಹಣ ಕೊಟ್ಟು ಎಲ್ಲವನ್ನೂ ಬಳಸಬಹುದು. ಅಮೆರಿಕದಲ್ಲಿ ಮಾರಾಟವಾದ ಪ್ರತಿ ಯಂತ್ರಕ್ಕೆ ಹೋವ್‌ಗೆ 5 ಡಾಲರ್, ಹೊರದೇಶಕ್ಕೆ ಹೋದ ಯಂತ್ರಕ್ಕೆ 1 ಡಾಲರ್. ವರ್ಷಕ್ಕೆ 300 ಡಾಲರ್ ಇದ್ದ ಅವನ ವರಮಾನ 2 ಲಕ್ಷ ಡಾಲರ್ ದಾಟಿತು. ಅದೇ 1856ರಲ್ಲಿ ಸಿಂಗರ್ ಕಂಪನಿ ಕಂತಿನ ಮೇಲೆ ಯಂತ್ರ ಮಾರತೊಡಗಿತು. ಯಂತ್ರ ಸಾಮಾನ್ಯರ ಮನೆ ಹೊಕ್ಕಿತು. 1860ರ ನಂತರದ ಅಮೆರಿಕದ ಅನೇಕ ಕ್ವಿಲ್ಟ್‌ಗಳಲ್ಲಿ ಯಂತ್ರದ ಹೊಲಿಗೆ ಕಾಣಸಿಗುತ್ತದೆ.

ಹಣ ಬಂದ ಮೇಲೆ ಹೋವ್ ಮೆರೆದವನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ಕೋಟ್ಯಧೀಶನಾಗಿದ್ದರೂ ಕನೆಕ್ಟಿಕಟ್ ರಾಜ್ಯದ 17ನೇ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಆರೋಗ್ಯ ಸರಿಯಿಲ್ಲದ್ದರಿಂದ ಪಡೆಯ ಅಂಚೆ ಹಂಚುವ ಕೆಲಸ ಮಾಡಿದ. ಸರ್ಕಾರದಿಂದ ಸಂಬಳ ತಡವಾದಾಗ ಸಿಪಾಯಿಗಳಿಗೆ ತನ್ನ ಕೈಯಿಂದ ಹಣ ಕೊಟ್ಟ. 1867ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅವನಿಗೆ ಚಿನ್ನದ ಪದಕ ಬಂತು. ಅದೇ ವರ್ಷ ಅವನ ಪೇಟೆಂಟಿನ ಅವಧಿ ಮುಗಿಯಿತು. ಅದೇ ವರ್ಷ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅವನು ತೀರಿಕೊಂಡ. ವಯಸ್ಸು 48. ದೀಪದ ಬೆಳಕಿನಲ್ಲಿ ಹೊಲಿಯುತ್ತಿದ್ದ ಎಲಿಜಬೆತ್ ಈ ಸಿರಿಯಲ್ಲಿ ಒಂದು ಕಾಸನ್ನೂ ಕಾಣಲಿಲ್ಲ.

ಹೋವ್ 1846ರಲ್ಲಿ ಪೇಟೆಂಟ್ ಕಚೇರಿಗೆ ಕೊಟ್ಟ ಮಾದರಿ ಯಂತ್ರ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅಷ್ಟು ದೂರ ಹೋಗಬೇಕಿಲ್ಲ. ನಿಮ್ಮ ಊರಿನ ದರ್ಜಿ ಅಂಗಡಿಯಲ್ಲಿ ಕೇಳಿಕೊಂಡು ಮೇಲೆ ಕೆಂಪು ದಾರ, ಬಾಬಿನ್‌ನಲ್ಲಿ ಬಿಳಿ ದಾರ ಹಾಕಿಸಿ, ಎರಡು ಪದರದ ಬಟ್ಟೆಯ ಮೇಲೆ ಒಂದು ಗೇಣು ಹೊಲಿಸಿ. ಯಾವ ದಾರ ಯಾವ ಕಡೆ ಕಾಣುತ್ತದೆ? ಪದರಗಳನ್ನು ಮೆಲ್ಲಗೆ ಬಿಡಿಸಿ ಇಣುಕಿ ನೋಡಿ, ಕೆಂಪು ಮತ್ತು ಬಿಳಿ ದಾರ ಎಲ್ಲಿ ಒಂದನ್ನೊಂದು ಹಿಡಿದುಕೊಂಡಿವೆ? ಚಿತ್ರ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಸೂಜಿಯ ಹತ್ತಿರ ಬೆರಳು ಮಾತ್ರ ಒಯ್ಯಬೇಡಿ.